7,000 ಡಾಲರಿನ ‘ಪ್ರೈಮರ್’: ಜಾಣತನವೋ, ಎಡವಟ್ಟೋ?

ಪ್ರಶ್ನೆ: 2004ರ ಟೈಮ್ ಟ್ರಾವೆಲ್ ಚಿತ್ರ, ಬರೀ 77 ನಿಮಿಷ, ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಜ್ಯೂರಿ ಬಹುಮಾನ ಬೇರೆ. ಮೊದಲರ್ಧ ಸರಿ, ಆಮೇಲೆ ಇಬ್ಬರು ನಾಯಕರಲ್ಲೊಬ್ಬನಾದ ಆರನ್ ಒಬ್ಬನಾಗಿ ಉಳಿಯಲ್ಲ, ಯಾವ ಆರನ್ ಯಾರು ಅನ್ನೋದೇ ತಲೆಗೆ ಹತ್ತಲ್ಲ. ಸ್ಕ್ರಿಪ್ಟೇ ಹಾಗಾ, ದುಡ್ಡು ಸಾಲದೆ ಹಾಗಾಯ್ತಾ?

ಉತ್ತರ 1: ಕಾಲದಲ್ಲಿ ಹಿಂದಕ್ಕೆ ಕರೆದೊಯ್ಯೋ ಆ ಪೆಟ್ಟಿಗೆಯ ಲೆಕ್ಕ ಪಕ್ಕಾ ಇದೆ. ಉದಾಹರಣೆಗೆ ಬೆಳಿಗ್ಗೆ 9ಕ್ಕೆ ಆನ್ ಮಾಡಿ, ಮಧ್ಯಾಹ್ನ 3ಕ್ಕೆ ಒಳಹೊಕ್ಕರೆ, ಒಳಗೆ 6 ಗಂಟೆ ಬಿದ್ದುಕೊಂಡಿರಬೇಕು. ಹೊರಬರೋದು ಮತ್ತೆ ಬೆಳಿಗ್ಗೆ 9ಕ್ಕೆ. ಆನ್ ಮಾಡಿದ ಗಳಿಗೆಗಿಂತ ಹಿಂದೆ ಹೋಗೋಕಾಗಲ್ಲ. ಆ 6 ಗಂಟೆ ಒಬ್ಬನೇ ಮನುಷ್ಯ ಊರಲ್ಲಿ ಎರಡಾಗಿರ್ತಾನೆ. ಅದಕ್ಕೇ ಹೋಟೆಲ್ ರೂಮಲ್ಲಿ ಅಡಗಿ ಕೂರೋದು.

ಉತ್ತರ 2: ದುಡ್ಡಿನ ಪಾಲೂ ಇದೆ. ಸೂಪರ್ 16 ಅನ್ನೋ 16 ಎಂಎಂ ಫಿಲ್ಮಿನಲ್ಲಿ ತೆಗೆದದ್ದು. 400 ಅಡಿ ರೋಲ್ ಸುಮಾರು 11 ನಿಮಿಷಕ್ಕೆ ಮುಗಿಯುತ್ತೆ. ರೀಟೇಕ್ ಕಮ್ಮಿ ಅಂದ್ರೆ ಎಡಿಟಿಂಗ್ ಟೇಬಲ್ ಮೇಲೆ ಬದಲಿ ಶಾಟೇ ಇರಲ್ಲ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳೋದಂತೂ ನನಗೆ ದೋಷವೇ. ಸಬ್‌ಟೈಟಲ್ ಹಾಕ್ಕೊಂಡೇ ನೋಡಿ.

ಉತ್ತರ 3: ಎರಡನೇ ಸಲ ನೋಡುವಾಗ ಆರನ್ ಕಿವಿಯ ಇಯರ್‌ಫೋನ್ ಗಮನಿಸಿ. ಅವನು ಮ್ಯಾಚ್ ಕೇಳ್ತಿಲ್ಲ, ರೆಕಾರ್ಡ್ ಮಾಡಿಟ್ಟ ಅದೇ ದಿನದ ಮಾತುಕತೆ ಕೇಳ್ತಿದ್ದಾನೆ. ಅರ್ಧ ಗೋಜಲು ಅಲ್ಲೇ ಬಿಡಿಸಿಕೊಳ್ಳುತ್ತೆ; ಗ್ರ್ಯಾಂಜರ್ ಅನ್ನೋ ಪಾತ್ರವೂ ಇದ್ದಕ್ಕಿದ್ದಂತೆ ಎರಡಾಗಿ ಕಾಣಿಸೋ ಪ್ರಸಂಗ ಮಾತ್ರ ಬಿಡಿಸಿಕೊಳ್ಳಲ್ಲ.