ಅಪ್‌ಡೇಟ್: ಗೋವಾದ ಕಾಣಕೋಣದ ಅತ್ತೆ ಮನೆ ಫೋನ್ ಫೈಬರ್‌ಗೆ ಬದಲಾಯಿತು

ತಾಮ್ರದ ಲೈನ್ ಹೋಗಿ ಫೈಬರ್ (ಗಾಜಿನ ಎಳೆಯ ಕೇಬಲ್) ಬಂದರೆ, ಕರೆಂಟ್ ಇಲ್ಲದಾಗ ಫೋನ್ ನಡೆಯುತ್ತದಾ ಅಂತ ಕೇಳಿದ್ದೆ. ಸುಮ್ನೆ ಹಾಕಿದರೆ ನಡೆಯುವುದಿಲ್ಲ.

ಹಳೇ ಲೈನಿಗೆ ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ಬರುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ಮೋಡೆಮ್‌ಗೆ ಮನೆಯ ಕರೆಂಟೇ ಬೇಕು. ಅದಕ್ಕೆ 12 ವೋಲ್ಟಿನ ಚಿಕ್ಕ ಯುಪಿಎಸ್ (ಕರೆಂಟ್ ಹೋದಾಗ ನಡೆಸುವ ಬ್ಯಾಟರಿ) ಹಾಕಿಸಿದೆವು. ನೀವು ಕೊಳ್ಳುವಾಗ ಮೋಡೆಮ್‌ನ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಎರಡನ್ನೂ ನೋಡಿ. ಹಳೇ ಬಟನ್ ಫೋನನ್ನೇ ಮೋಡೆಮ್ ಹಿಂದಿನ ಪೋರ್ಟಿಗೆ ಸಿಕ್ಕಿಸಿದ್ದೇವೆ. ನಂಬರೂ ಅದೇ.

ಅತ್ತೆ ಮನೆ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಮಳೆಗಾಲದಲ್ಲಿ ಕರೆಂಟ್ ಜಾಸ್ತಿ ಹೋಗುತ್ತದೆ. ನಾವೋ ವಾಸ್ಕೋದಲ್ಲಿ. 108ಕ್ಕೆ ಕರೆ ಮಾಡಲು ಅತ್ತೆಗೆ ಇದೊಂದೇ ದಾರಿ ಅಲ್ವಾ? ಒಂಟಿಯಾಗಿರುವ ವಯಸ್ಸಾದವರ ಲೈನ್ ಬದಲಿಸುವಾಗ ಬ್ಯಾಟರಿಯನ್ನೂ ಜೊತೆಗೇ ಕೊಡಬೇಕು. ಅದನ್ನೇ ಈಗ ಪಂಚಾಯತಿಗೆ ಬರೆದು ಕೊಡುತ್ತಿದ್ದೇವೆ.