ಚಿಕ್ಕಮ್ಮ, ಆ ಟಾಲ್ಕ್ ಪುಡಿ ಬಿಸಾಡಬೇಡಿ, ಪಾಪುವಿಗೂ ಹಾಕಬೇಡಿ

ಚಿಕ್ಕಮ್ಮ, ನಿಮ್ಮ ವಾಯ್ಸ್ ಮೆಸೇಜ್ ಈಗಷ್ಟೇ ಕೇಳಿದೆ. ತಮ್ಮ ತನ್ನ ಬೈಕ್ ಕೆಲಸಕ್ಕೆ ಅಂತ ಶಿರಸಿಯ ಹಾರ್ಡ್‌ವೇರ್ ಅಂಗಡಿಯಿಂದ ತಂದ ಟಾಲ್ಕ್ ಪುಡಿ ಅರ್ಧ ಚೀಲ ಉಳಿದಿದೆ, ಬಣ್ಣ ಇಲ್ಲ, ಸೆಂಟ್ ಇಲ್ಲ, ಶುದ್ಧವಾದದ್ದು ಅಲ್ವಾ, ಸ್ನಾನ ಆದಮೇಲೆ ಪಾಪುವಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ಮೊದಲು ಅದಕ್ಕೇ ಹೇಳಿಬಿಡುತ್ತೇನೆ. ಬೇಡ. ಖಂಡಿತ ಬೇಡ.

ಅಂಗಡಿಯವರು ಶುದ್ಧ ಅನ್ನುವುದು ಕೆಲಸದ ಲೆಕ್ಕದಲ್ಲಿ. ಮೈಗೆ ಹಾಕುವುದಕ್ಕೆ ಅಂತ ಅದನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ನೆಲದೊಳಗೆ ಟಾಲ್ಕ್ ಇರುವ ಕಡೆ ಕೆಲವೊಮ್ಮೆ ಆಸ್ಬೆಸ್ಟಾಸ್ ಅನ್ನುವ, ಕ್ಯಾನ್ಸರ್ ತರುವ ನಾರಿನಂಥ ಖನಿಜ ಕೂಡ ಇರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಅದಿಲ್ಲದಿದ್ದರೂ ಈ ನಯವಾದ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋದರೆ ಒಳ್ಳೆಯದಲ್ಲ. ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿ 2023ರಲ್ಲಿ ಟಾಲ್ಕ್ ಇರುವ ಬೇಬಿ ಪೌಡರನ್ನು ಇಡೀ ಜಗತ್ತಿನಲ್ಲಿ ನಿಲ್ಲಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2024ರಲ್ಲಿ ಟಾಲ್ಕನ್ನು ಕ್ಯಾನ್ಸರ್ ತರುವ ಸಾಧ್ಯತೆ ಹೆಚ್ಚಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಪಾಪುವಿನ ಮೈ ಒಣ ಬಟ್ಟೆಯಲ್ಲಿ ಒರೆಸಿ, ಸಾಕು.

ಹಾಗಂತ ಹೆದರಿ ಬಿಸಾಡಬೇಡಿ. ಇಲ್ಲಿ ಕಾರವಾರದ ಬೈತಖೋಲದಲ್ಲಿ ಫೈಬರ್ ದೋಣಿ ರಿಪೇರಿಯಲ್ಲಿ ನನಗೆ ದಿನವೂ ಇದೇ ಪುಡಿಯ ಜೊತೆ ಕೆಲಸ. ಇದು ಬಳಪದ ಕಲ್ಲಿನ ಪುಡಿ, ಖನಿಜಗಳಲ್ಲೆಲ್ಲ ಅತಿ ಮೆದು. ಕಲ್ಲು ಆದ್ದರಿಂದ ನಮ್ಮ ಮಳೆಗಾಲ ಇದಕ್ಕೆ ಏನೂ ಮಾಡುವುದಿಲ್ಲ. ಹಿಟ್ಟಿನ ಹಾಗೆ ಹುಳ ಬೀಳುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ನಮ್ಮ ಜಿಲ್ಲೆಯ ಮನೆಗೆ ಅದೇ ಇದರ ದೊಡ್ಡ ಗುಣ.

ನಿಜವಾಗಿ ಟಾಲ್ಕೇ ಹೌದಾ ಅಂತ ಮನೆಯಲ್ಲೇ ಸ್ವಲ್ಪ ಮಟ್ಟಿಗೆ ನೋಡಬಹುದು. ಚಿಟಿಕೆ ಪುಡಿಯ ಮೇಲೆ ನಿಂಬೆರಸ ಬಿಡಿ. ನೊರೆ ಬಂದರೆ ಸುಣ್ಣದ ಕಲ್ಲಿನ ಪುಡಿ ಬೆರೆತಿದೆ. ಇನ್ನೊಂದು ಚಿಟಿಕೆಗೆ ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ. ಕಪ್ಪು ನೀಲಿ ಆದರೆ ಹಿಟ್ಟು ಸೇರಿದೆ. ಆಸ್ಬೆಸ್ಟಾಸ್ ಮಾತ್ರ ಇದರಿಂದ ಗೊತ್ತಾಗುವುದಿಲ್ಲ, ಅದಕ್ಕೇ ಮೈಗೆ ಬೇಡ ಅಂದೆ.

ಈಗ ಮನೆ ಕೆಲಸ. ಎಣ್ಣೆ ಕಲೆಗೆ ಇದು ಬಹಳ ಒಳ್ಳೆಯದು. ಸೀರೆ ಮೇಲೆ ತುಪ್ಪವೋ ತೆಂಗಿನೆಣ್ಣೆಯೋ ಬಿತ್ತು ಅಂದುಕೊಳ್ಳಿ. ನೀರು ಮುಟ್ಟಿಸಬೇಡಿ, ಉಜ್ಜಬೇಡಿ. ಕಲೆ ಮುಚ್ಚುವಷ್ಟು ಪುಡಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹೊರಗೆ ಒಯ್ದು ಮೆತ್ತಗೆ ಕೊಡವಿ. ಇನ್ನೂ ಜಿಡ್ಡು ಇದ್ದರೆ ಮತ್ತೊಮ್ಮೆ ಹಾಕಿ, ಆಮೇಲೆ ಸೋಪು. ಹಲಸಿನ ಮೇಣ ಬಟ್ಟೆಗೆ ಹತ್ತಿದರೆ ನೀವು ಎಣ್ಣೆ ಹಚ್ಚಿ ತೆಗೆಯುತ್ತೀರಲ್ಲ, ಆಗ ಉಳಿಯುವ ಎಣ್ಣೆಗೂ ಇದೇ ಉಪಾಯ. ಅಡಿಕೆ ಚೊಗರಿನ ಕಲೆಗೆ ಮಾತ್ರ ಉಪಯೋಗವಿಲ್ಲ. ಅದು ಜಿಡ್ಡಲ್ಲ, ಬಣ್ಣ.

ಎರಡನೆಯದು ರಬ್ಬರ್. ಮಳೆಗಾಲ ಮುಗಿದ ಮೇಲೆ ರೇನ್‌ಕೋಟ್ ಮಡಚಿ ಅಟ್ಟಕ್ಕೆ ಹಾಕುತ್ತೇವೆ, ಮರುವರ್ಷ ತೆಗೆದರೆ ಒಂದಕ್ಕೊಂದು ಅಂಟಿ ಕಿತ್ತುಬರುತ್ತದೆ. ಚೆನ್ನಾಗಿ ಒಣಗಿಸಿ, ಮಡಿಕೆ ಮಡಿಕೆಗೆ ತೆಳ್ಳಗೆ ಪುಡಿ ಸವರಿ ಮಡಚಿ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧ ಹೊಡೆಯುವಾಗ ಹಾಕುವ ಗ್ಲೌಸು, ಗಮ್‌ಬೂಟು, ಚಿಕ್ಕಪ್ಪನ ಸ್ಕೂಟರಿನ ಸ್ಟೆಪ್ನಿ ಟ್ಯೂಬು, ಎಲ್ಲಕ್ಕೂ ಹೀಗೇ. ರಬ್ಬರ್ ಮೆತ್ತಗಿರಲಿ ಅಂತ ಕೆಲವರು ತೆಂಗಿನೆಣ್ಣೆ ಸವರುತ್ತಾರೆ, ಅದು ತಪ್ಪು. ಎಣ್ಣೆಗೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಪಂಕ್ಚರ್ ಹಾಕಿದ ಮೇಲೆ ಪ್ಯಾಚಿನ ಸುತ್ತ ಉಳಿದ ಸೊಲ್ಯೂಷನ್ ಮೇಲೂ ಪುಡಿ ಸವರಬೇಕು, ಇಲ್ಲದಿದ್ದರೆ ಟ್ಯೂಬು ಟೈರಿಗೆ ಅಂಟಿಕೊಳ್ಳುತ್ತದೆ. ಕುಕ್ಕರ್ ಗ್ಯಾಸ್ಕೆಟ್‌ಗೆ ಬೇಡ, ಅದು ಊಟದ ವಿಷಯ.

ಬಿಗಿಯಾದ ಮರದ ಡ್ರಾಯರ್‌ಗೆ, ಪೈಪಿನೊಳಗೆ ವೈರ್ ಎಳೆಯುವುದಕ್ಕೆ ಕೂಡ ಆಗುತ್ತದೆ. ಮಳೆಗೆ ಊದಿಕೊಂಡ ಬಾಗಿಲಿಗೆ ಆಗುವುದಿಲ್ಲ, ಅದಕ್ಕೆ ಉಜ್ಜುಗೊರಡೇ ಬೇಕು.

ಇನ್ನು ತಮ್ಮಾ, ಇದು ನಿನಗೆ. ಟ್ಯಾಂಕಿನ ತಗ್ಗು ತುಂಬಲು ಪುಟ್ಟಿ ಮಾಡುತ್ತಿದ್ದೀಯಲ್ಲ, ಕ್ರಮ ಸರಿಯಾಗಿ ಕೇಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ಬಂದ್ ಅಲ್ವಾ, ಆಗ ನಮಗೆ ರಿಪೇರಿ ಕೆಲಸ ಜಾಸ್ತಿ. ನಾವು ಮಾಡುವುದು ಹೀಗೆ. ಮೊದಲು ಪಾಲಿಯೆಸ್ಟರ್ ರೆಸಿನ್‌ಗೆ, ಅಂದರೆ ಆಮೇಲೆ ಗಟ್ಟಿಯಾಗುವ ಅಂಟು ದ್ರವಕ್ಕೆ, ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಗಂಟಿಲ್ಲದೆ ಕಲಸುವುದು. ಪಟ್ಟಿಯಿಂದ ಎತ್ತಿದರೆ ಇಡ್ಲಿ ಹಿಟ್ಟಿನ ಹಾಗೆ ನಿಧಾನ ಬೀಳಬೇಕು. ನೆಟ್ಟಗಿರುವ ಬದಿಯ ಮೇಲೆ ಹಚ್ಚುವುದಾದರೆ ಇನ್ನೂ ಗಟ್ಟಿ. ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ಕೊನೆಗೆ. ರೆಸಿನ್ ತೂಕದ ನೂರಕ್ಕೆ ಒಂದರಿಂದ ಎರಡು ಭಾಗ ಮಾತ್ರ. ಜಾಸ್ತಿ ಹಾಕಿದರೆ ಬಿಸಿಯೇರಿ ಬಿರುಕು ಬಿಡುತ್ತದೆ. ಬಳಿದು ಮುಗಿಸುವಷ್ಟೇ ಒಂದು ಸಲಕ್ಕೆ ಕಲಸು. ಹಾರ್ಡನರ್ ಒಂದು ಹನಿ ಕಣ್ಣಿಗೆ ಹಾರಿದರೂ ದೃಷ್ಟಿ ಹೋಗಬಹುದು, ಕಣ್ಣು ಪೂರ್ತಿ ಮುಚ್ಚುವ ರಕ್ಷಣಾ ಕನ್ನಡಕ ಇಲ್ಲದೆ ಮುಟ್ಟಬೇಡ.

ಪುಡಿ ಸೇರಿದ ರೆಸಿನ್ ಹಚ್ಚಿದ ಕಡೆಯಿಂದ ಜಾರಿ ಇಳಿಯುವುದಿಲ್ಲ, ಒಣಗಿದ ಮೇಲೆ ಎಮರಿ ಪೇಪರಿಗೆ ಸಲೀಸಾಗಿ ಸವೆಯುತ್ತದೆ. ಆದರೆ ಇದು ಬರೀ ತುಂಬುವ ವಸ್ತು. ದೋಣಿಯಲ್ಲಿ ಬಲ ಕೊಡುವುದು ಗ್ಲಾಸ್ ಮ್ಯಾಟ್, ಅಂದರೆ ಗಾಜಿನ ನಾರಿನ ಹಾಳೆ. ನಿನ್ನ ಟ್ಯಾಂಕಿನಲ್ಲಿ ಪೆಟ್ರೋಲ್ ಜಿನುಗುವ ತೂತು ಇದ್ದರೆ ಪುಟ್ಟಿಯಿಂದ ಮುಚ್ಚಬೇಡ, ತಿಳಿದವರ ಹತ್ತಿರ ಬೆಸುಗೆ ಹಾಕಿಸು. ತಗಡು ಕೆರೆದು, ಪೂರ್ತಿ ಒಣಗಿದ ಮೇಲೆ ಮಾತ್ರ ಹಚ್ಚು. ಪಸೆ ಇರುವ ತಗಡಿನ ಮೇಲೆ ಪುಟ್ಟಿ ನಿಲ್ಲುವುದೇ ಇಲ್ಲ.

ಎಲ್ಲರಿಗೂ ಒಂದು ಮಾತು. ಪುಡಿ ಡಬ್ಬಿಯಿಂದ ಧೂಳೆಬ್ಬಿಸಿ ಉದುರಿಸಬೇಡಿ. ಹಳೆ ಪಂಚೆಯ ತುಂಡಿನಲ್ಲಿ ಎರಡು ಚಮಚ ಕಟ್ಟಿ ಪುಟ್ಟ ಗಂಟು ಮಾಡಿ, ಅದನ್ನೇ ಮೆಲ್ಲಗೆ ಒತ್ತಿ ಸವರಿ. ಫ್ಯಾನ್ ಆಫ್ ಮಾಡಿ, ಮಾಸ್ಕ್ ಹಾಕಿ, ಜಗಲಿಯಲ್ಲಿ ಕೂತು ಮಾಡಿ, ಮಕ್ಕಳು ಹತ್ತಿರ ಬಾರದಿರಲಿ. ನೆಲಕ್ಕೆ ಚೆಲ್ಲಿದರೆ ಕಸಬರಿಗೆ ಬೇಡ, ಒದ್ದೆ ಬಟ್ಟೆಯಲ್ಲಿ ತಕ್ಷಣ ಒರೆಸಿ. ನಿಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಅಜ್ಜಿ ಜಾರಿ ಬೀಳುವುದಕ್ಕೆ ಒಂದು ಚಿಟಿಕೆ ಸಾಕು.

ಚೀಲದಲ್ಲೇ ಇಡಬೇಡಿ ಚಿಕ್ಕಮ್ಮ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ತಮ್ಮನ ಸಾಮಾನಿನ ಜೊತೆ ಇಡಿ. ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ, ನೋಡಲು ಮೈದಾ ಥರವೇ ಇರುತ್ತದೆ. ತಮ್ಮಾ, ಟ್ಯಾಂಕ್ ಕೆರೆದ ಮೇಲೆ ಒಂದು ಫೋಟೋ ಹಾಕು, ಎಷ್ಟು ದಪ್ಪ ಹಚ್ಚಬೇಕು ಅಂತ ನೋಡಿ ಹೇಳುತ್ತೇನೆ.