ಬೆಳಗಿನ ಚಳಿಗೆ ಸ್ಟೇರಿಂಗ್ ಬಿಗಿ: ಪಂಪ್ ಬದಲಿಸಲೇಬೇಕಾ?

ಪ್ರಶ್ನೆ (ಮಂಡ್ಯ)

ನಮ್ಮದು 2010ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಪಂಪ್ ಒತ್ತುವ ಆಯಿಲ್‌ನಿಂದ ಹಗುರಾಗಿ ತಿರುಗುವ ಪವರ್ ಸ್ಟೇರಿಂಗ್. ಧನುರ್ಮಾಸ ಶುರುವಾದಾಗಿನಿಂದ ಬೆಳಗ್ಗೆ ಹೊತ್ತು ಸ್ಟೇರಿಂಗ್ ಸಿಕ್ಕಾಪಟ್ಟೆ ಬಿಗಿ. ಗೇಟಿನಿಂದ ರಸ್ತೆಗೆ ತಿರುಗಿಸುವಷ್ಟರಲ್ಲಿ ರಟ್ಟೆ ಸೋತುಹೋಗುತ್ತದೆ. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಸುಮಾರಾಗಿ ಸಡಿಲ ಆಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ್ದರೆ ತೊಂದರೆಯೇ ಇಲ್ಲ. ಇನ್ನೊಂದು ವಿಷಯ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ನಾವೇ ಎಳೆದು ತರಬೇಕು. ಮೆಕ್ಯಾನಿಕ್ ಒಬ್ಬರು 'ಚಳಿಗೆ ಆಯಿಲ್ ಗಟ್ಟಿಯಾಗಿದೆ, ಪಂಪ್ ವೀಕು, ಬದಲಿಸಿಬಿಡಿ' ಅಂದರು. ಪಂಪ್ ರೇಟ್ ಕೇಳಿ ಸುಮ್ನೆ ವಾಪಸ್ ಬಂದೆ. ಏನಿರಬಹುದು?

ಉತ್ತರ (ಮೈಸೂರು)

ಸದ್ಯಕ್ಕೆ ಪಂಪ್ ತಂಟೆಗೆ ಹೋಗಬೇಡಿ. ಆಯಿಲ್ ಗಟ್ಟಿಯಾಗಿ ಸ್ಟೇರಿಂಗ್ ಹಿಡಿಯುವುದು ಲಡಾಖ್ ಕಡೆ, ಮೈನಸ್ ಡಿಗ್ರಿಯಲ್ಲಿ. ನಮ್ಮ ಕಡೆ ಜನವರಿ ಬೆಳಗ್ಗೆ ಅಂದರೆ ಸಾಮಾನ್ಯವಾಗಿ 15-17 ಡಿಗ್ರಿ. ಸ್ವೆಟರ್‌ಗೆ ಅದು ಚಳಿ, ಸ್ಟೇರಿಂಗ್ ಆಯಿಲ್‌ಗೆ ಅಲ್ಲ. ಎಲ್ಲೋ ಮೊದಲೇ ಇದ್ದ ತೊಂದರೆಯನ್ನು ಈ ಚಳಿ ಎತ್ತಿ ತೋರಿಸುತ್ತಿದೆ ಅಷ್ಟೇ.

ಮೊದಲು ಪುಕ್ಕಟೆ ಕೆಲಸ ಮುಗಿಸಿ. ಗಾಡಿ ತಣ್ಣಗಿರುವಾಗಲೇ ಟೈರ್ ಗಾಳಿ ನೋಡಿ. ಉಷ್ಣತೆ 5-6 ಡಿಗ್ರಿ ಇಳಿದರೆ ಸುಮಾರು 1 ಪಿಎಸ್ಐ ಕಡಿಮೆಯಾಗುತ್ತದೆ, ಮಧ್ಯಾಹ್ನ ಹಾಕಿಸಿದ ಗಾಳಿ ಬೆಳಗ್ಗೆಗೆ ಕಮ್ಮಿ ತೋರಿಸುವುದು ಅದಕ್ಕೇ. ಆಮೇಲೆ ಬಾನೆಟ್ ಎತ್ತಿ ಆಯಿಲ್ ಡಬ್ಬಿ ನೋಡಿ. ಮಟ್ಟ ಕಡಿಮೆ ಇದೆಯಾ, ನೊರೆ ಇದೆಯಾ? ನೊರೆ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ. ಸ್ಟಾರ್ಟ್ ಮಾಡಿದ ಕೂಡಲೇ, ಅಥವಾ ಪೂರ್ತಿ ತಿರುಗಿಸಿದಾಗ 'ಕೀಂಯ್' ಅಂದರೆ ಪಂಪ್ ತಿರುಗಿಸುವ ಬೆಲ್ಟ್ ಜಾರುತ್ತಿದೆ.

ಆದರೆ ನನಗೆ ಅನುಮಾನ ಬೇರೆ ಕಡೆ. ನೇರಕ್ಕೆ ವಾಪಸ್ ಬರುತ್ತಿಲ್ಲ ಅಂದಿರಲ್ಲ, ಅದು ಪಂಪ್ ಲಕ್ಷಣಕ್ಕಿಂತ ಜಾಸ್ತಿ ಯಾವುದೋ ಜಾಯಿಂಟ್ ಹಿಡಿದಿರುವ ಲಕ್ಷಣ. ಹೀಗೆ ಮಾಡಿ: ಬೆಳಗ್ಗೆಯೇ, ಇಂಜಿನ್ ಬಿಸಿಯಾಗುವ ಮೊದಲು, ಮುಂದಿನ ಎರಡೂ ಚಕ್ರ ನೆಲದಿಂದ ಎತ್ತಿಸಿ. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಇಡಿ. ಇಂಜಿನ್ ಆಫ್, ಆದರೆ ಸ್ಟೇರಿಂಗ್ ಲಾಕ್ ಬಿಡುವಷ್ಟು ಕೀ ತಿರುಗಿಸಿ. ಈಗ ಆ ಕೊನೆಯಿಂದ ಈ ಕೊನೆಗೆ ನಿಧಾನ ತಿರುಗಿಸಿ. ಒಂದೇ ಸಮ ತಿರುಗಿದರೆ ಪಂಪ್, ಬೆಲ್ಟ್, ಆಯಿಲ್ ಕಡೆ ಹೋಗೋಣ. ಚಕ್ರ ಗಾಳಿಯಲ್ಲಿದ್ದರೂ ಅಲ್ಲಲ್ಲಿ ಹಿಡಿದರೆ ಪಂಪ್‌ಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಬ್ಬರು (ಮದ್ದೂರು)

ನನ್ನ ಗಾಡಿಯಲ್ಲೂ ಬೆಳಗ್ಗೆ ಹೀಗೇ, ಆದರೆ ನನ್ನದು ಎಲೆಕ್ಟ್ರಿಕ್ ಸ್ಟೇರಿಂಗ್. ಆಯಿಲ್ ಡಬ್ಬಿಯೇ ಕಾಣಲಿಲ್ಲ!

ಉತ್ತರ (ಮೈಸೂರು)

ಹುಡುಕಬೇಡಿ, ಇರಲ್ಲ. ನಿಮ್ಮದರಲ್ಲಿ ಮೊದಲು ಬ್ಯಾಟರಿ ಚೆಕ್ ಮಾಡಿಸಿ. ಸ್ಟೇರಿಂಗ್ ತಿರುಗಿಸಲು ಸಹಾಯ ಮಾಡುವ ಮೋಟಾರ್ ಒಳ್ಳೇ ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಸಾಲದಿದ್ದರೆ ಸಹಾಯ ಕಮ್ಮಿ ಮಾಡಿಬಿಡುತ್ತದೆ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಉಜ್ಜಿ ತೆಗೆಸಿ. ಡ್ಯಾಶ್‌ಬೋರ್ಡ್‌ನಲ್ಲಿ ಸ್ಟೇರಿಂಗ್ ಚಿತ್ರದ ದೀಪ ಸ್ಟಾರ್ಟ್ ಆದ ಮೇಲೂ ಉರಿಯುತ್ತಿದ್ದರೆ ದೋಷ ಓದುವ ಸ್ಕ್ಯಾನರ್ ಹಾಕಿಸುವುದೇ ಸರಿ.

ಪ್ರಶ್ನೆ ಕೇಳಿದವರು (ಮಂಡ್ಯ)

ಗಾಳಿ ಸರಿ ಇದೆ, ಬೆಲ್ಟ್ ಸದ್ದಿಲ್ಲ. ಆಯಿಲ್ ಮಟ್ಟ ಸರಿ ಇದೆ, ಬಣ್ಣ ಮಾತ್ರ ಕಾಫಿ ಡಿಕಾಕ್ಷನ್. ಚಕ್ರ ಎತ್ತಿ ತಿರುಗಿಸಿದೆ. ಒಂದು ಸುತ್ತಿಗೆ ಎರಡು ಕಡೆ ಹಿಡಿಯುತ್ತದೆ, ನಡುವೆ ಸಲೀಸು. ಅರ್ಧ ಸುತ್ತಿಗೊಮ್ಮೆ ಸರಿಯಾಗಿ ಅದೇ ಜಾಗ!

ಉತ್ತರ (ಮೈಸೂರು)

ಸಿಕ್ಕಿತು ನೋಡಿ. ಅರ್ಧ ಸುತ್ತಿಗೊಮ್ಮೆ ಹಿಡಿತ ಅಂದರೆ ಸ್ಟೇರಿಂಗ್ ಕಾಲಮ್ (ಸ್ಟೇರಿಂಗ್‌ನಿಂದ ಕೆಳಗಿಳಿಯುವ ಕಂಬಿ) ಕೆಳಗಿನ ಯೂನಿವರ್ಸಲ್ ಜಾಯಿಂಟ್, ಅಂದರೆ ಓರೆಯಾಗಿರುವ ಎರಡು ರಾಡ್‌ಗಳನ್ನು ಒಟ್ಟಿಗೆ ತಿರುಗಿಸುವ ಕೀಲು. ಪೆಡಲ್ ಪಕ್ಕ ಟಾರ್ಚ್ ಬಿಟ್ಟು ನೋಡಿ, ಕಾಲಮ್‌ನಿಂದ ರ‍್ಯಾಕ್ (ಮುಂದಿನ ಚಕ್ರಗಳನ್ನು ತಿರುಗಿಸುವ ಭಾಗ) ಕಡೆಗೆ ಇಳಿಯುವ ರಾಡ್, ಅಂದರೆ ಶಾಫ್ಟ್, ಕಾಣುತ್ತದೆ. ಅದರ ತುದಿಯ ಜಾಯಿಂಟಿನಲ್ಲಿ + ಆಕಾರದ ಕ್ರಾಸ್ ಇದೆ, ಕ್ರಾಸಿನ ನಾಲ್ಕು ಬಾಯಲ್ಲೂ ಸೂಜಿ ಬೇರಿಂಗ್. ಒಳಗಿನ ಗ್ರೀಸ್ ಒಣಗಿ ತುಕ್ಕು ಹಿಡಿದರೆ ಒಂದು ಜೊತೆ ಬಾಯಿ ಜಾಮ್ ಆಗುತ್ತದೆ. ಇಂಜಿನ್ ಶಾಖ ಹತ್ತಿ ಉಳಿದ ಗ್ರೀಸ್ ಮೆತ್ತಗಾದರೆ ಸಡಿಲ. ನಿಮಗೆ ಶ್ರೀರಂಗಪಟ್ಟಣದ ಹೊತ್ತಿಗೆ ಸರಿಹೋಗುತ್ತಿದ್ದದ್ದು ಹೀಗೆ. ಮಳೆಗಾಲದಲ್ಲಿ ನಾಲೆ ಏರಿ, ಕಬ್ಬಿನ ಗದ್ದೆ ದಾರಿಯಲ್ಲಿ ನೀರು ನುಗ್ಗಿಸಿ ಓಡಿಸಿದ್ದೀರಾ? ಮಂಡ್ಯದವರು ಇಲ್ಲ ಅಂದರೆ ನಂಬುವುದು ಕಷ್ಟ.

ಖಾತ್ರಿ ಬೇಕಿದ್ದರೆ ತುಕ್ಕು ಬಿಡಿಸುವ ಸ್ಪ್ರೇಯನ್ನು ಕ್ರಾಸಿನ ನಾಲ್ಕೂ ಬಾಯಿಗೆ ಹೊಡೆದು, ತಿರುಗಿಸಿ, ಮತ್ತೆ ಹೊಡೆಯಿರಿ. ಹಿಡಿತ ಕಮ್ಮಿಯಾದರೆ ಅದೇ. ಆದರೆ ಸ್ಪ್ರೇಯಲ್ಲೇ ಕಾಲ ಹಾಕಬೇಡಿ. ಇದ್ದ ಚೂರುಪಾರು ಗ್ರೀಸನ್ನೂ ಅದು ತೊಳೆದುಬಿಡುತ್ತದೆ. ಜಾಯಿಂಟ್ ಸಮೇತ ಶಾಫ್ಟ್ ಬದಲಿಸುವುದೇ ಪರಿಹಾರ.

ಬಿಚ್ಚುವಾಗ ಚಕ್ರ ನೇರ ಇರಲಿ, ಶಾಫ್ಟ್ ಕೂರುವ ಜಾಗಕ್ಕೆ ಬಣ್ಣದಲ್ಲಿ ಗುರುತು ಹಾಕಿಸಿ. ಶಾಫ್ಟ್ ಬಿಚ್ಚಿರುವಾಗ ಸ್ಟೇರಿಂಗ್ ಬೇಕಾಬಿಟ್ಟಿ ತಿರುಗಬಾರದು, ಸೀಟ್ ಬೆಲ್ಟಿನಿಂದ ಕಟ್ಟಿಡಿ. ಏರ್‌ಬ್ಯಾಗ್ ಇದ್ದರೆ ಹಾಗೆ ತಿರುಗಿದಾಗ ಒಳಗಿನ ಸುರುಳಿ ವೈರ್ ಕಿತ್ತುಹೋಗುತ್ತದೆ. ಹಿಡಿಸುವ ಬೋಲ್ಟ್ ಹೊಸದು ಹಾಕಿಸಿ, ಬಿಗಿ ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿಸಲಿ. ಅದು ಸಡಿಲಾದರೆ ಕೈಯಲ್ಲಿ ಸ್ಟೇರಿಂಗ್ ಇರುತ್ತದೆ, ಚಕ್ರ ಇರಲ್ಲ.

ಪ್ರಶ್ನೆ ಕೇಳಿದವರು (ಮಂಡ್ಯ)

ಶಾಫ್ಟ್ ಬದಲಾಯಿತು. ಹಳೆಯದನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದೆ. ಒಂದು ದಿಕ್ಕಿಗೆ ಬಳುಕುತ್ತದೆ, ಇನ್ನೊಂದು ದಿಕ್ಕಿಗೆ ಮಿಸುಕಾಡಲ್ಲ. ಬಾಯಿಂದ ಕೆಂಪು ಪುಡಿ ಉದುರಿತು. ಇವತ್ತು ಬೆಳಗ್ಗೆ ಸ್ಟೇರಿಂಗ್ ಒಂದೇ ಕೈಯಲ್ಲಿ ತಿರುಗಿತು, ನೇರಕ್ಕೂ ತಾನೇ ಬರುತ್ತಿದೆ. ಆ ಡಿಕಾಕ್ಷನ್ ಆಯಿಲ್ ಹಾಗೇ ಬಿಡಲಾ?

ಉತ್ತರ (ಮೈಸೂರು)

ಬಿಡಬೇಡಿ, ಬದಲಿಸಿ. ಡಬ್ಬಿ ಮುಚ್ಚಳದ ಮೇಲೋ ಮ್ಯಾನುಯಲ್‌ನಲ್ಲೋ ಯಾವ ಆಯಿಲ್ ಅಂತ ಬರೆದಿರುತ್ತದೆ, ಅದನ್ನೇ ಹಾಕಿ. ಅಂಗಡಿಯವರು 'ಎಲ್ಲಾ ಒಂದೇ ಸಾರ್' ಅಂದರೆ ಒಪ್ಪಬೇಡಿ.